ಅರವತ್ತೆರಡು ಪ್ರತಿಗಳು

ಶನಿವಾರ ಬೆಳಗ್ಗೆ ಮಸೀನಾ ಟೀಚರ್ ಕಂಪ್ಯೂಟರ್ ತೆರೆದರು. ನಿಘಂಟಿನ ಕಡತ ಇರಲಿಲ್ಲ.

ಪ್ರತಿಗಳನ್ನಿಡುವ ಫೋಲ್ಡರ್ ತೆರೆದರು. ಅದೂ ಖಾಲಿ!

ಹನ್ನೊಂದು ವರ್ಷದ ದುಡಿಮೆ ಅದು. ಸಮೋವಾದ ಸವಾಯಿ ದ್ವೀಪದ ಮುದಿ ಬೆಸ್ತರ ಜೊತೆ ಕೂತು ಮೀನು, ಗಾಳಿ, ಬಲೆಯ ಗಂಟುಗಳ ಹೆಸರುಗಳನ್ನು ಕೂಡಿಸಿದ್ದರು. ಹೇಳಿಕೊಟ್ಟವರಲ್ಲಿ ಅರ್ಧ ಜನ ಈಗ ಬದುಕಿಲ್ಲ.

ನನಗೆ ಮುಖ ಎತ್ತಲಾಗಲಿಲ್ಲ. ಆಪಿಯಾ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನನ್ನದು. ಟೀಚರಿಗೆ ಒಂದು ಸ್ಕ್ರಿಪ್ಟ್ ಬರೆದುಕೊಟ್ಟವನೂ ನಾನೇ. ದಿನಾ ಬೆಳಗ್ಗೆ ಎಂಟಕ್ಕೆ ಅದು ತಾನಾಗಿ ನಿಘಂಟಿನ ಪ್ರತಿ ತೆಗೆದು, ಆ ದಿನದ ತಾರೀಖನ್ನೇ ಹೆಸರಾಗಿಟ್ಟು ಪಕ್ಕದ ಫೋಲ್ಡರಿಗೆ ಸೇರಿಸುತ್ತಿತ್ತು.

"ಅದೇ ಕಂಪ್ಯೂಟರಿನಲ್ಲಾ? ಬೀಗದ ಪಕ್ಕದಲ್ಲೇ ಬೀಗದ ಕೈ ನೇತುಹಾಕಿದ್ದೀಯಲ್ಲೋ, ಸೆಫೋ!" ಎಂದರು ಪೆಪೆ ಅಕ್ಕ. ಮೂವತ್ತು ವರ್ಷ ಪೊಲೀಸಿನಲ್ಲಿದ್ದು ನಿವೃತ್ತರಾದವರು. ಟೀಚರ ಬಾಲ್ಯದ ಗೆಳತಿ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಹಿಂದಿನ ವಾರ ಕೆಲಸ ಬಿಟ್ಟಿದ್ದ ಟೀಚರ ಬೆರಳಚ್ಚುಗಾರ ವಿಲಿಯಾಮು ಅದೇ ನಿಘಂಟನ್ನು ತನ್ನ ಹೆಸರಿನಲ್ಲಿ ಪುಸ್ತಕ ಅಚ್ಚು ಹಾಕಿಸುವ ಚರ್ಚಿನ ಸಮಿತಿಗೆ ಒಪ್ಪಿಸಿದ್ದ!

ಮಂಗಳವಾರ, ಜನವರಿ ಮೂವತ್ತೊಂದು, ಚರ್ಚಿನ ಪಕ್ಕದ ಫಾಲೆಯಲ್ಲಿ ಪಾದ್ರಿಗಳ ಮುಂದಾಳ್ತನದಲ್ಲಿ ಸಮಿತಿ ಸೇರಿತು. ನಾಲ್ಕೂ ಕಡೆ ತೆರೆದ ಆ ಚಾವಡಿಯಲ್ಲಿ ಚಾಪೆಗಳ ಮೇಲೆ ಜನವೋ ಜನ. ಸವಾಯಿಯಿಂದ ಮೊದಲ ದೋಣಿಗೇ ಬೆಸ್ತರು ಬಂದಿದ್ದರು. ಎಲ್ಲರಿಗೂ ಹಿರಿಯನಾದ ರೊಪಾತಿ ಅಜ್ಜ ಮುಂದಿನ ಚಾಪೆಯಲ್ಲೇ ಕೂತಿದ್ದ.

ವಿಲಿಯಾಮು ಅಳುಕಲಿಲ್ಲ. "ಟೀಚರ್ ಮಾತಾಡಿಸಿರಬಹುದು, ಪಾದ್ರಿಗಳೇ. ಪುಸ್ತಕವಾಗಿ ಬರೆದೋನು ನಾನು. ನೋಡಿ — ಡಿಸೆಂಬರ್ ಒಂದರಿಂದ ಇವತ್ತಿನವರೆಗೂ ದಿನಕ್ಕೊಂದು ಪ್ರತಿ. ಅವರ ಹತ್ತಿರ ಏನಿದೆ?"

ಟೀಚರ್ ತಲೆ ತಗ್ಗಿಸಿದರು. ಪಾದ್ರಿ ನನ್ನತ್ತ ತಿರುಗಿದರು. ನಾನು ಅವನ ಲ್ಯಾಪ್‌ಟಾಪ್ ನೋಡಿದೆ. ಸಾಲುಸಾಲಾಗಿ ತಾರೀಖುಗಳು. ನನ್ನ ಸ್ಕ್ರಿಪ್ಟೇ ಹೆಸರಿಟ್ಟ ಹಾಗಿತ್ತು. ತಪ್ಪೇ ಕಾಣಲಿಲ್ಲ.

ಪೆಪೆ ಅಕ್ಕ ಬೀಸಣಿಗೆ ಕೆಳಗಿಟ್ಟರು.

"ಎಷ್ಟು ಪ್ರತಿ ಇದೆಯಪ್ಪಾ?"

"ಅರವತ್ತೆರಡು. ಒಂದು ದಿನವೂ ತಪ್ಪಿಲ್ಲ."

"ಹೆಸರು ಕೈಯಾರೆ ಕೊಟ್ಟೆಯಾ?"

"ಇಲ್ಲ ಅಕ್ಕ. ದಿನಾ ಎಂಟಕ್ಕೆ ತಾನೇ ಇಟ್ಕೊಳ್ಳುತ್ತೆ."

"ಲ್ಯಾಪ್‌ಟಾಪ್ ಊರು ಬಿಟ್ಟು ಹೋಗಿತ್ತಾ?"

"ಆಪಿಯಾ ದಾಟಿಲ್ಲ. ನನ್ನ ಮೇಜಿನ ಮೇಲೇ ಇತ್ತು."

"ಖಂಡಿತ?"

"ಬೈಬಲ್ ಮೇಲೆ ಕೈಯಿಡಲಾ?"

"ಬೇಡ, ಪಾಪ ಬೈಬಲ್ಲು!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಡಿಸೆಂಬರ್ ಮೂವತ್ತರ ಪ್ರತಿ ತೋರಿಸು."

ಅವನು ತೋರಿಸಿದ. ಪೆಪೆ ಅಕ್ಕ ಜನರ ಕಡೆ ತಿರುಗಿದರು.

"ಡಿಸೆಂಬರ್ ಮೂವತ್ತನೇ ತಾರೀಖು ಇಲ್ಲಿ ಯಾರಾದರೂ ಎದ್ದಿದ್ದರಾ?"

ಇಡೀ ಫಾಲೆಯೇ ಗೊಳ್ಳೆಂದಿತು. ನಾನು ಹಣೆ ಚಚ್ಚಿಕೊಂಡೆ. ಹೌದಲ್ಲ! ಭೂಪಟದಲ್ಲಿ ದಿನ ಬದಲಾಗುವ ತಾರೀಖಿನ ರೇಖೆಯ ಆಚೆ ಬದಿಯಲ್ಲಿದ್ದ ನಮ್ಮ ದೇಶ ಈಚೆ ಬದಿಗೆ ಸೇರಿದ್ದು ಆಗಲೇ. ಗುರುವಾರ ಇಪ್ಪತ್ತೊಂಬತ್ತರಂದು ಮಲಗಿ ಎದ್ದರೆ ಶನಿವಾರ ಮೂವತ್ತೊಂದು. ನಡುವಿನ ಶುಕ್ರವಾರ ಸಮೋವಾದಲ್ಲಿ ಹುಟ್ಟಲೇ ಇಲ್ಲ.

"ಗ... ಗಡಿಯಾರ ಬದಲಾಯಿಸಿರಲಿಲ್ಲ, ಅಷ್ಟೇ," ಎಂದ ವಿಲಿಯಾಮು. ಮುಖ ಬಿಳುಚಿತ್ತು.

ಇದಕ್ಕೆ ಉತ್ತರ ನನಗೇ ಗೊತ್ತಿತ್ತು. "ಹಾಗಾದರೆ ಲ್ಯಾಪ್‌ಟಾಪಿನ ಗಡಿಯಾರ ಒಂದು ದಿನ ಹಿಂದಿರಬೇಕು. ಆದರೆ ಸರಿಯಾಗಿ ಇವತ್ತಿನ ತಾರೀಖೇ ತೋರಿಸ್ತಿದೆ. ಮಧ್ಯದಲ್ಲಿ ಯಾವತ್ತಾದರೂ ತಿದ್ದಿದ್ದರೆ, ಅಲ್ಲಿ ಒಂದು ತಾರೀಖು ಹಾರಿಹೋಗಿರಬೇಕು. ನೀನೇ ಹೇಳಿದೆಯಲ್ಲ, ಒಂದು ದಿನವೂ ತಪ್ಪಿಲ್ಲ ಅಂತ!"

"ನಾವೆಲ್ಲ ಕಂಡಿದ್ದು ಅರವತ್ತೊಂದು ಬೆಳಗು," ಎಂದರು ಪೆಪೆ ಅಕ್ಕ. "ಅರವತ್ತೆರಡನೇದು ನಿನಗೊಬ್ಬನಿಗೇ ಎಲ್ಲಿ ಸಿಕ್ಕಿತು? ಪಾದ್ರಿಗಳೇ, ಇವು ದಿನಾ ತೆಗೆದ ಪ್ರತಿಗಳಲ್ಲ. ಟೀಚರ ಕಡತ ಕದ್ದು, ಸೆಫೋನ ಸ್ಕ್ರಿಪ್ಟನ್ನು ತಿರುಚಿ, ಡಿಸೆಂಬರ್ ಒಂದರಿಂದ ಹೆಸರಿಡುತ್ತಾ ಹೋಗು ಅಂತ ಒಂದೇ ಸಲಕ್ಕೆ ಅಪ್ಪಣೆ ಕೊಟ್ಟಿದ್ದಾನೆ. ಯಂತ್ರಕ್ಕೆ ಎಣಿಸೋದಷ್ಟೇ ಗೊತ್ತು. ಎಣಿಸಿತು. ಇವನು ನೋಡಲಿಲ್ಲ. ಕಳ್ಳ ಇವನೇ!"

ವಿಲಿಯಾಮು ಚಾಪೆಯ ಮೇಲೆ ಕುಸಿದ. ಆಕ್ಲೆಂಡಿನಲ್ಲಿ ಒಳ್ಳೆಯ ಕೆಲಸ ಸಿಗುವುದಿತ್ತು, ಅದಕ್ಕೆ ಅಲ್ಲಿನವರು ಸ್ವಂತದ್ದೊಂದು ಪುಸ್ತಕ ಬೇಕೆಂದಿದ್ದರು — ತೊದಲುತ್ತಾ ಎಲ್ಲ ಒಪ್ಪಿಕೊಂಡ.

ಪಾದ್ರಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಟೀಚರ ಮುಂದಿಟ್ಟರು.

"ಹೋಯಿತು ಅಂತ ಅತ್ತೆಯಲ್ಲೇ," ಎಂದರು ಪೆಪೆ ಅಕ್ಕ. "ತಗೋ, ಅರವತ್ತೆರಡು ಸಲ ವಾಪಸ್ ಬಂದಿದೆ!"

ಟೀಚರ್ ಕೊನೆಯ ಪ್ರತಿ ತೆರೆದರು. ಮೊದಲ ಪುಟದಲ್ಲಿ ವಿಲಿಯಾಮುವಿನ ಹೆಸರಿತ್ತು. ಒಂದೊಂದೇ ಅಕ್ಷರ ಅಳಿಸಿದರು. ತಮ್ಮ ಹೆಸರು ಹಾಕಲಿಲ್ಲ. ಮಾತು ಹೇಳಿಕೊಟ್ಟವರ ಹೆಸರುಗಳನ್ನು, ತೀರಿಕೊಂಡವರಿಂದ ಶುರುಮಾಡಿ, ಗಟ್ಟಿಯಾಗಿ ಓದುತ್ತಾ ಬರೆದರು. ನಲವತ್ತಮೂರನೆಯದು ರೊಪಾತಿ.

ಅಜ್ಜ ಕೋಲೂರಿ ಎದ್ದು ನಿಂತ. ಎರಡೂ ಕೈ ಬಾಯಿಗಿಟ್ಟು, ದೊಡ್ಡ ಮೀನು ಹಿಡಿದು ದಡಕ್ಕೆ ಬರುವಾಗ ಕೂಗುವ ಹಾಗೆ ಕೂಗಿದ — "ಚೀಈಹೂಊ!"

ಸವಾಯಿಯವರೆಲ್ಲ ಒಟ್ಟಿಗೆ ಎದ್ದು ಅದೇ ಕೂಗು ಕೂಗಿದರು.