ಇಪ್ಪತ್ಮೂರು ಸಾವಿರ ಕಿಲೋಮೀಟರಿನ ಕಾರು

ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಗಂಡ ಹೆಂಡತಿ ಇಬ್ಬರು ಠಾಣೆಗೆ ಬಂದರು. ಹೆಂಡತಿ ಟೈಲರ್, ಪೇಟೆ ಬೀದಿಯಲ್ಲಿ ಸ್ವಂತ ಅಂಗಡಿ. ಗಂಡನ ಬಲಗೈ ಭುಜದಿಂದ ಬೆರಳಿನ ತನಕ ಪಟ್ಟಿಯೊಳಗಿತ್ತು. ಕುರ್ಚಿ ಎಳೆದುಕೊಳ್ಳಲೂ ಆಗದೆ ನಿಂತಿದ್ದ ಅವನಿಗೆ ಹೆಡ್ ಕಾನ್‌ಸ್ಟೇಬಲ್ ತನ್ನ ಕುರ್ಚಿಯನ್ನೇ ಸರಿಸಿದ.

"ಏನಾಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಹಳೇ ಕಾರು ತಗೊಂಡ್ವಿ ಮೇಡಂ," ಟೈಲರ್ ಹೇಳಿದಳು. "ಮನೆಗೆ ಬಂದು ಹನ್ನೆರಡನೇ ದಿನ, ಅಂದ್ರೆ ನಿನ್ನೆ, ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ. ಹೋಗಿ ಗೋಡೆಗೆ ಗುದ್ದಿದ್ವಿ."

"ಎಷ್ಟು ವರ್ಷದ ಗಾಡಿ?"

"ಹದಿನೆಂಟು. ಆದ್ರೆ ಓಡಿರೋದು ಬರೀ ಇಪ್ಪತ್ಮೂರು ಸಾವಿರ ಕಿಲೋಮೀಟರು. ಅದನ್ನ ನೋಡಿಯೇ ತಗೊಂಡಿದ್ದು."

"ಬೇಡ ಬೇಡ ಅಂತ ಬಡ್ಕೊಂಡೆ," ಗಂಡ ಬಾಯಿ ಹಾಕಿದ. "ಅಷ್ಟು ಹಳೇ ಕಾರು ಅಷ್ಟೇ ಓಡಿದೆ ಅಂದ್ರೆ ಒಂದೋ ಸುಳ್ಳು, ಇಲ್ಲಾ ಏನೋ ಕಾಯಿಲೆ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

"ಈಗ ಅದು ಬೇಕಾ ರೀ?"

ಹೆಡ್ ಕಾನ್‌ಸ್ಟೇಬಲ್ ನಕ್ಕ. ಪೊಲೀಸ್ ಕೆಲಸ ಸಿಗುವ ಮುಂಚೆ ಆರು ವರ್ಷ ಮೋಟಾರು ಗ್ಯಾರೇಜಿನಲ್ಲಿ ದುಡಿದವನು. ಠಾಣೆಯಲ್ಲಿ ಅವನನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. "ಮೀಟರ್ ಹಿಂದಕ್ಕೆ ತಿರುಗಿಸಿದಾರೆ ಮೇಡಂ. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಕಣ್ಣು ತೆರೆದು ನೋಡಿ ಹೇಳಿ," ಎಂದರು ಇನ್ಸ್‌ಪೆಕ್ಟರ್.

ಹನ್ನೊಂದೂ ಇಪ್ಪತ್ತೈದಕ್ಕೆ ವಂಚನೆ ಮತ್ತು ಅಜಾಗರೂಕತೆಯಿಂದ ಗಾಯಪಡಿಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಅಪಘಾತದ ಸ್ಥಳದಿಂದ ಎಳೆದು ತಂದ ಆಕಾಶನೀಲಿ ಕಾರು ಠಾಣೆಯ ಹಿಂದಿನ ಅಂಗಳದಲ್ಲಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯವರು, ಎದುರಿನ ಔಷಧಿ ಅಂಗಡಿಯವರು ಪಂಚಸಾಕ್ಷಿಗಳಾಗಿ ಬಂದರು. ಹನ್ನೆರಡೂವರೆಗೆ ಪಂಚನಾಮೆ ಆರಂಭವಾಯಿತು.

ಸ್ಪ್ಯಾನರ್ ಮೊದಲು ಕಾರಿನ ಕೆಳಗೆ ತೂರಿದ. ಹಿಂದಿನ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು ಬಿರಿದು ಬಾಯಿ ಬಿಟ್ಟಿತ್ತು. ಚಕ್ರ ಬಿಚ್ಚಿದರೆ ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂ ಹೊಚ್ಚ ಹೊಸದು.

"ಶೂ ಬದಲಾಯಿಸಿದವನು ಪೈಪು ಯಾಕೆ ಬಿಟ್ಟ?" ಇನ್ಸ್‌ಪೆಕ್ಟರ್ ಕೇಳಿದರು.

"ಮೇಲೆ ಮಣ್ಣು ಮೆತ್ತಿದೆ. ಸರಿಯಾಗಿ ಒರೆಸಿ ನೋಡಿಲ್ಲ."

ಆಮೇಲೆ ಒಳಗೆ ಕೂತ. ಕಾಲಡಿಯ ಪೆಡಲುಗಳಿಗೆ ಹೊಸ ರಬ್ಬರು. ಸ್ಟಿಯರಿಂಗ್ ಕವಚ ಬಿಚ್ಚಿದರೆ ಒಳಗೆ ಸವೆದು ನುಣುಪಾದ ಪ್ಲಾಸ್ಟಿಕ್ಕು. "ಇದು ಇಪ್ಪತ್ಮೂರಲ್ಲ ಮೇಡಂ, ಎರಡು ಲಕ್ಷ ದಾಟಿದ ಗಾಡಿ."

ಪಕ್ಕದಲ್ಲೇ ನಿಂತಿದ್ದ ಟೈಲರ್ ಬಾಗಿ ಸೀಟಿನ ಅಂಚು ಸವರಿದಳು. ಅವಳ ಹುಬ್ಬು ಗಂಟಿಕ್ಕಿತು.

"ಮೇಡಂ, ಇದು ನಾನು ನೋಡಿದ ಕಾರಲ್ಲ."

"ಅಂದ್ರೆ?"

"ಕಾರು ತಗೊಳ್ಳೋ ಮುಂಚೆ ಭಾನುವಾರ ನೋಡೋಕೆ ಹೋದಾಗ ಸೀಟಿಗೆ ಜೋಡಿ ಹೊಲಿಗೆ ಇತ್ತು. ಕಂಪನಿ ಹೊಲಿಗೆ, ಒಂದೇ ಒಂದು ದಾರ ಬಿಟ್ಟಿರಲಿಲ್ಲ. ಎಂಥಾ ಕೈ ಅಂತ ಮನಸ್ಸಲ್ಲೇ ಮೆಚ್ಕೊಂಡಿದ್ದೆ. ಇದು ಒಂಟಿ ಹೊಲಿಗೆ, ಅದೂ ಸೊಟ್ಟ. ಗುರುವಾರ ಕಾರು ಬಂದಾಗ ಮೇಲೆ ಟವೆಲ್ ಹಾಸಿತ್ತು, ನಾನು ಎತ್ತಿ ನೋಡಲಿಲ್ಲ."

"ಇಪ್ಪತ್ತೈದು ವರ್ಷದಿಂದ ಹೊಲೀತಾಳೆ," ಗಂಡ ಹೇಳಿದ. ದನಿಯಲ್ಲಿ ಈಗ ದೂರಿರಲಿಲ್ಲ. "ಹೊಲಿಗೆ ವಿಷಯಕ್ಕೆ ಅವಳು ತಪ್ಪಲ್ಲ."

ಇನ್ಸ್‌ಪೆಕ್ಟರ್ ಆ ಮಾತನ್ನು ಹಾಗೇ ಬರೆದುಕೊಂಡರು. "ಸ್ಪ್ಯಾನರ್, ನೆಲದ ಹಾಸು ಪೂರ್ತಿ ತೆಗೀರಿ."

ಪಕ್ಕದ ಸೀಟಿನ ಕಾಲಡಿ, ಹಾಸಿನ ಕೆಳಗೆ, ನಾಲ್ಕು ತೂತು ಸಿಕ್ಕವು. ಮೇಣದಂಥದ್ದು ತುಂಬಿ ಬಣ್ಣ ಬಳಿದಿದ್ದರು. ಸ್ಪ್ಯಾನರ್ ಅಲ್ಲೇ ಕುಕ್ಕರಗಾಲಲ್ಲಿ ಕೂತು ಇನ್ಸ್‌ಪೆಕ್ಟರ್ ಮುಖ ನೋಡಿದ. "ಕಲಿಸೋರ ಕಾಲಿಗೆ ಎರಡನೇ ಬ್ರೇಕು ಕೂರಿಸಿದ ಜಾಗ. ಡ್ರೈವಿಂಗ್ ಸ್ಕೂಲಿನ ಕಾರು ಇದು ಮೇಡಂ. ಮೀಟರ್ ಅಷ್ಟೇ ಅಂತ ನಾನಂದೆ. ಇಲ್ಲಿ ಗಾಡಿಗೆ ಗಾಡಿಯೇ ಬದಲಾಗಿದೆ."

ಇಂಜಿನ್ ಪಕ್ಕದಲ್ಲಿ ರಿವೆಟ್ ಹೊಡೆದಿದ್ದ ತಗಡಿನ ಮೇಲಿನ ಚಾಸಿ ನಂಬರು ದಾಖಲೆಗೆ ಸರಿಹೊಂದುತ್ತಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಕಬ್ಬಿಣದಲ್ಲೇ ಕೊರೆದ ನಂಬರು ಬೇರೆಯದೇ ಕಾಣಿಸಿತು. ಎರಡನ್ನೂ ಪಂಚನಾಮೆಯಲ್ಲಿ ನಮೂದಿಸಿ ಸಾರಿಗೆ ಕಚೇರಿಗೆ ಪತ್ರ ಹೋಯಿತು.

ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರ್, ಸ್ಪ್ಯಾನರ್ ಇಬ್ಬರೂ ಕಾರು ಮಾರಿದವರ ಮನೆಗೆ ಹೋದರು. ಆಕೆ ನಿವೃತ್ತ ಲೈಬ್ರೇರಿಯನ್. ತಂಗಿಯ ಜೊತೆ ಎರಡನೇ ಮಹಡಿಯಲ್ಲಿ ವಾಸ. ಬಾಗಿಲು ತೆರೆದವರೇ, "ಚಪ್ಪಲಿ ಇರ್ಲಿ ಬನ್ನಿ. ಕಾರಿನ ವಿಷಯ ತಾನೆ?" ಎಂದರು. ಟೈಲರ್ ನಿನ್ನೆಯೇ ಫೋನಿನಲ್ಲಿ ಜಾಡಿಸಿದ್ದಳು.

"ಕಾರು ಎಷ್ಟು ಓಡಿತ್ತು ಅಮ್ಮ?"

ಆಕೆ ಮರದ ಪೆಟ್ಟಿಗೆ ತಂದಿಟ್ಟರು. ಹದಿನೆಂಟು ವರ್ಷದ ಸರ್ವೀಸಿಗೆ ಒಂದೊಂದು ಕಾರ್ಡು. ಮೇಲೆ ಗ್ಯಾರೇಜಿನ ವಿಳಾಸ, ತಾರೀಖು, ಕಿಲೋಮೀಟರು, ಕೆಳಗೆ ಮೆಕ್ಯಾನಿಕ್ ಸಹಿ. ಎಲ್ಲದರಲ್ಲೂ ಒಂದೇ ಸಹಿ. "ಮನೆಯಿಂದ ಲೈಬ್ರರಿ, ಲೈಬ್ರರಿಯಿಂದ ಮನೆ. ಇನ್ನೆಲ್ಲಿಗೆ ಹೋಗ್ಲಿ? ಕೊನೇ ಸಲ ಬರೆದಿದ್ದು ಇಪ್ಪತ್ಮೂರು ಸಾವಿರದ ನಾನೂರ ಹನ್ನೊಂದು."

"ಯಾವತ್ತು?"

"ಟೈಲರ್ ಬಂದು ನೋಡಿದ ಮಾರನೇ ದಿನ, ಸೋಮವಾರ. ಕೊಡೋ ಮುಂಚೆ ಒಂದ್ಸಲ ಎಲ್ಲಾ ನೋಡಿಬಿಡಪ್ಪ ಅಂತ ಗ್ಯಾರೇಜಿಗೆ ಕೊಟ್ಟೆ. ಗುರುವಾರ ಅಲ್ಲಿಂದಲೇ ಅವರ ಮನೆಗೆ ತಲುಪಿಸಿದ."

"ನೀವು ಆಮೇಲೆ ನೋಡಲಿಲ್ಲ?"

"ಇಲ್ಲ. ಅವನ ಕೆಲಸ ನಾನು ಯಾವತ್ತೂ ತಿರುಗಿ ನೋಡಿದವಳಲ್ಲ."

ಮೆಟ್ಟಿಲು ಇಳಿಯುವಾಗ ಸ್ಪ್ಯಾನರ್ ಕೇಳಿದ, "ಆ ಮೆಕ್ಯಾನಿಕ್‌ನ ಈಗಲೇ ಹಿಡಿಯೋಣ್ವಾ ಮೇಡಂ?"

"ನಂಬರಿನ ಉತ್ತರ ಬರಲಿ. ಓಡಿಹೋಗೋ ಮನುಷ್ಯ ಆಗಿದ್ರೆ ಹನ್ನೆರಡು ದಿನ ಇಲ್ಲೇ ಇರ್ತಿರಲಿಲ್ಲ."

ಬುಧವಾರ ಹನ್ನೊಂದಕ್ಕೆ ಸಾರಿಗೆ ಕಚೇರಿಯ ಉತ್ತರ ಬಂತು. ಕೊರೆದ ನಂಬರು ಒಂದು ಡ್ರೈವಿಂಗ್ ಸ್ಕೂಲಿನ ಹೆಸರಿನಲ್ಲಿತ್ತು. ಅದೇ ಮಾದರಿ, ಅದೇ ವರ್ಷ, ಬಣ್ಣ ಮಾತ್ರ ಬಿಳಿ. ಸ್ಕೂಲಿನ ಮಾಲೀಕ ಫೋನಿನಲ್ಲೇ ಹೇಳಿದ: "ಅದನ್ನ ಗುಜರಿಗೆ ಅಂತ ಎಂಟು ತಿಂಗಳ ಹಿಂದೆ ಮೆಕ್ಯಾನಿಕ್‌ಗೆ ಕೊಟ್ಟೆ." ಯಾವ ಮೆಕ್ಯಾನಿಕ್ ಎಂದು ಕೇಳಿದಾಗ ಬಂದ ವಿಳಾಸ ಕಾರ್ಡುಗಳ ಮೇಲಿದ್ದದ್ದೇ.

ಎರಡು ಗಂಟೆಗೆ ಗ್ಯಾರೇಜು. ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಪಾನಾಗಳು; ಒಂದೊಂದರ ಹಿಂದೆಯೂ ಅದರ ಆಕಾರವನ್ನು ಪೇಂಟಿನಲ್ಲಿ ಬರೆದಿತ್ತು. ಮೆಕ್ಯಾನಿಕ್‌ಗೆ ಐವತ್ತೈದರ ಮೇಲೆ ವಯಸ್ಸು. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ.

"ಲೈಬ್ರರಿ ಅಮ್ಮನ ಕಾರಿನ ಬ್ರೇಕ್ ಯಾರು ಮಾಡಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ. ಹೊಸ ಶೂ ಹಾಕಿದೀನಿ."

"ಯಾವ ಕಾರಿಗೆ?"

"ಅವರದ್ದಕ್ಕೇ."

"ಅವರ ಕಾರಲ್ಲಿ, ಪಕ್ಕದ ಸೀಟಿನ ಕಾಲಡಿ ನಾಲ್ಕು ತೂತು ಯಾಕಿದೆ?"

ಆತ ಬಟ್ಟೆ ಎತ್ತಿಕೊಂಡು ಆಗಲೇ ಒರೆಸಿಕೊಂಡಿದ್ದ ಕೈಯನ್ನು ಮತ್ತೆ ಒರೆಸಿಕೊಂಡ.

"ಆ ಕಾರು ಸೋಮವಾರ ಗೋಡೆಗೆ ಹೊಡೀತು," ಎಂದರು ಇನ್ಸ್‌ಪೆಕ್ಟರ್. "ತಗೊಂಡವರ ಗಂಡನ ಭುಜ ಮುರಿದಿದೆ."

ಈಗ ಆತನ ಮುಖ ಇಳಿಯಿತು. "ಬ್ರೇಕಾ? ಬ್ರೇಕ್ ಮಾಡಿದ್ನಲ್ಲ ಮೇಡಂ!"

"ಹಿಂದಿನ ಪೈಪು ಬಿರಿದಿತ್ತು," ಸ್ಪ್ಯಾನರ್ ಹೇಳಿದ. "ಕೈಯಲ್ಲಿ ಬಗ್ಗಿಸಿ ನೋಡಿದ್ರೆ ಗೊತ್ತಾಗ್ತಿತ್ತು ಅಣ್ಣ."

ಮೆಕ್ಯಾನಿಕ್ ಅಲ್ಲೇ ಇದ್ದ ಟೈರಿನ ಮೇಲೆ ಕೂತ. ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ. ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ಇನ್ನೊಂದು ಆಕಾಶನೀಲಿ ಕಾರಿತ್ತು. ಸೀಟಿಗೆ ಜೋಡಿ ಹೊಲಿಗೆ. ಇದರ ಮೀಟರನ್ನೂ ನಂಬರಿನ ತಗಡನ್ನೂ ಕಿತ್ತು ಸ್ಕೂಲಿನ ಕಾರಿಗೆ ಹಾಕಿದ್ದ. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿ, ನಾಲ್ಕೂ ಹತ್ತಕ್ಕೆ ಆತನನ್ನು ಬಂಧಿಸಲಾಯಿತು.

ಗುರುವಾರ ಬೆಳಿಗ್ಗೆ ಗುರುತಿಗೆಂದು ಎಲ್ಲರನ್ನೂ ಕರೆಸಿದರು. ಟೈಲರ್ ನೇರ ಸೀಟಿಗೇ ಕೈ ಹಾಕಿದಳು. "ಇದೇ."

"ಇದನ್ನ ಇನ್ನೂ ತಗೋಬೇಕು ಅಂತಿದೀಯಾ?" ಗಂಡ ಕೇಳಿದ.

ಅವಳು ಸ್ಪ್ಯಾನರ್ ಕಡೆ ತಿರುಗಿದಳು. "ನೀವು ಹೇಳಿ ಅಣ್ಣಾ. ತಗೊಳ್ಳೋ ಕಾರಾ ಇದು?"

ಅವನು ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದ. "ಕಮ್ಮಿ ಓಡಿದೆ ಅಂದ್ರೆ ಇಂಜಿನ್ ಸವೆದಿಲ್ಲ, ಅಷ್ಟೇ. ರಬ್ಬರ್‌ಗೆ ನಿಂತಲ್ಲೇ ವಯಸ್ಸಾಗುತ್ತೆ. ಇದರ ಟೈರ್ ನೋಡಿ, ಗೀರುಗಳೆಲ್ಲಾ ಆಳವಾಗೇ ಇವೆ, ಆದ್ರೆ ಪಕ್ಕದಲ್ಲಿ ಬಿರುಕು. ನಾಲ್ಕು ಟೈರು, ಬ್ರೇಕಿನ ಪೈಪು, ಇಂಜಿನ್ ಬೆಲ್ಟು, ಎಲ್ಲಾ ಆಯಿಲ್ಲು ಹೊಸದು ಹಾಕಿಸಿ. ಅದಾಗೋ ತನಕ ಬೀದಿಗಿಳಿಸಬೇಡಿ. ತಳದಲ್ಲಿ ತುಕ್ಕಿಲ್ಲ, ಕಾಗದ ಪಕ್ಕಾ, ಹದಿನೆಂಟು ವರ್ಷ ಒಬ್ಬರೇ ಓಡಿಸಿದಾರೆ, ಒಬ್ಬನೇ ರಿಪೇರಿ ಮಾಡಿದಾನೆ. ನಾನಾಗಿದ್ರೆ ಬಿಡ್ತಿರಲಿಲ್ಲ."

"ಕೋರ್ಟು ಬಿಡುಗಡೆ ಮಾಡಿದ ದಿನ ತಗೊಂಡು ಹೋಗ್ತೀವಿ," ಎಂದಳು ಟೈಲರ್. ಗಂಡ ಪಟ್ಟಿ ಕಟ್ಟಿದ ತೋಳು ನೋಡಿಕೊಂಡು, "ಓಡಿಸೋದು ನೀನೇ," ಎಂದ. ಆ ಮಾತಿನಲ್ಲೇ ಅವನ ಒಪ್ಪಿಗೆ ಸಿಕ್ಕಿತು.

ಹೇಳಿಕೆ ದಾಖಲಿಸುವಾಗ ಇನ್ಸ್‌ಪೆಕ್ಟರ್ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿದರು: ಕಾರು ಬದಲಾಯಿಸಿದ್ದು ಯಾಕೆ?

"ನನ್ನ ಹತ್ರ ಬರೋ ಗಾಡಿಗಳೆಲ್ಲಾ ಸರಿ ಮಾಡಿ ಕಳಿಸಿದ್ರೆ ಆರು ತಿಂಗಳಲ್ಲಿ ಹಾಳಾಗಿ ಬರ್ತವೆ ಮೇಡಂ. ಈ ಒಂದೇ ಗಾಡಿ, ಹೋದ ವರ್ಷ ನಾನು ಹೇಗೆ ಬಿಟ್ಟಿದ್ನೋ ಈ ವರ್ಷವೂ ಹಾಗೇ ಇರೋದು. 'ಕೊಡೋ ದಿನ ಬಂದ್ರೆ ನಿನಗೇ ಕೊಡೋದು' ಅಂತ ಅಮ್ಮ ಅಂದಿದ್ರು. ನಾನು ನಂಬಿದ್ದೆ. ಆಮೇಲೆ ಪೇಪರ್‌ನಲ್ಲಿ ಜಾಹೀರಾತು ನೋಡಿದೆ."

"ಹೋಗಿ ಕೇಳಬಹುದಿತ್ತಲ್ಲ?"

"ಕೊಟ್ಟ ಮಾತನ್ನ ಹೋಗಿ ಕೇಳೋದು ಹೇಗೆ ಮೇಡಂ?"

ಲೈಬ್ರೇರಿಯನ್ ಹೊರಗಿನ ಬೆಂಚಿನಲ್ಲಿದ್ದರು. ಇನ್ಸ್‌ಪೆಕ್ಟರ್ ಆ ಮಾತಿನ ಬಗ್ಗೆ ವಿಚಾರಿಸಿದಾಗ ನೆನಪು ಕೆದಕಿ ಹೇಳಿದರು, "ಅಂದಿದ್ದೆ. ಹತ್ತು ವರ್ಷದ ಹಿಂದೆ ಇರಬೇಕು, ಏನೋ ಮಾತಿಗೆ." ಆಮೇಲೆ ಲಾಕಪ್ಪಿನ ತನಕ ತಾವೇ ನಡೆದು ಹೋದರು. ಆತ ಎದ್ದು ನಿಂತ.

"ನನಗೆ ನೆನಪೇ ಇರಲಿಲ್ಲ ಕಣಪ್ಪ."

"ಗೊತ್ತು ಅಮ್ಮ," ಎಂದ ಆತ. "ನೆನಪಿದ್ದು ಬೇರೆಯವರಿಗೆ ಕೊಟ್ಟಿದ್ರೆ ಇಷ್ಟು ನೋವಾಗ್ತಿರಲಿಲ್ಲ."