ಎದೆಯ ಮೇಲಿನ ನಂಬರು

ಜೀಪು ನನ್ನ ಸ್ಕೂಟರಿನ ಹಿಂದಿನ ಮಡ್‌ಗಾರ್ಡಿಗೆ ತಗುಲಿತು.

ಒಮ್ಮೆಯಲ್ಲ... ಎರಡು ಸಲ!

"ಮಿಸ್, ಎಡಕ್ಕೆ!" ಹಿಂದೆ ಕೂತಿದ್ದ ಬೀರೇಶ್ ಕೂಗಿದ.

"ಎಡಕ್ಕೆ ಚರಂಡಿ ಕಣೋ!"

"ಬಲಕ್ಕೆ ಬಸ್ಸು!"

ಚರಂಡಿಯನ್ನೇ ಆರಿಸಿಕೊಂಡೆ.

ನನಗಾಗ ಅರವತ್ತೊಂದು. ಅರಸೀಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್. ರಿಟೈರಾದ ಮೇಲೆ ನಮ್ಮ ಕಡೆಯ ಕಬಡ್ಡಿ ಲೀಗಿಗೆ ಸಂಚಾಲಕಿ. ಅದು ಕಾಗದದ ಮೇಲಿನ ಹೆಸರು. ನಿಜವಾದ ಕೆಲಸ, ತಕರಾರು ಬಿಡಿಸುವುದು. ಯಾವ ಟೀಮಿನವರು ಯಾರ ತಲೆ ಒಡೆದರೂ ಮೊದಲ ಫೋನು ಈ ಹೇಮಲತಾ ಮಿಸ್‌ಗೆ.

2003ರ ಆ ಭಾನುವಾರ ತಕರಾರು ನನ್ನ ಹಿಂದಿನ ಸೀಟಿನಲ್ಲೇ ಕೂತಿತ್ತು.

ಬೀರೇಶ್ ಹಳೇಬೀಡು ಟೀಮಿನ ಕ್ಯಾಪ್ಟನ್. ಲೀಗ್ ನಡೆಸುತ್ತಿದ್ದವರು ಮೂರುಗರಿ ಗುಟ್ಕಾದ ಮಾಲೀಕರು, ಚಿದಂಬರ. ಅವರು ಬಂದ ಮೇಲೆಯೇ ನಮ್ಮ ಹುಡುಗರಿಗೆ ಶೂ, ಗ್ಯಾಲರಿ, ಪೇಪರಿನಲ್ಲಿ ಫೋಟೊ. ಸುಳ್ಳು ಹೇಳುವುದಿಲ್ಲ. ಜೆರ್ಸಿಯ ತೋಳಿನ ಮೇಲೆ ಗುಟ್ಕಾದ ಹೆಸರು ಚಿಕ್ಕದಾಗಿ ಇರುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ಬೀರೇಶನಿಗೆ ಆಟ ಕಲಿಸಿದ ಕಾಳಯ್ಯನವರಿಗೆ ಬಾಯಿ ಕ್ಯಾನ್ಸರ್ ಆಯಿತು. ಗುಟ್ಕಾ! ಅರ್ಧ ದವಡೆ ತೆಗೆದರು.

ಮುಂದಿನ ಮ್ಯಾಚಿನಲ್ಲಿ ಬೀರೇಶ್ ತೋಳಿನ ಹೆಸರಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿಕೊಂಡು ಆಡಿದ. ಅದರ ಮುಂದಿನ ಮ್ಯಾಚಿಗೆ ನೋಡಿದರೆ, ಹಳೇಬೀಡಿನಿಂದ ಬಂದ ಜನವೆಲ್ಲ ತೋಳಿಗೆ ಪ್ಲಾಸ್ಟರ್! ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಖಾಲಿ!

ಚಿದಂಬರ ಹಳೆಯವನ್ನೆಲ್ಲ ವಾಪಸ್ ಪಡೆದು, ಫೈನಲ್ಲಿಗೆಂದು ಹೊಸ ಜೆರ್ಸಿ ಹೊಲಿಸಿದರು. ಫೈನಲ್ ದಿನ, ಆ ಭಾನುವಾರ ಬೆಳಿಗ್ಗೆಯೇ ಅವರ ಫೋನು.

"ಮೇಡಂ, ಜೆರ್ಸಿ ಹಾಕ್ಕೋತಾನೆ ಅಂದ್ರೆ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಅವನು ಗ್ರೌಂಡ್ ಹತ್ರಾನೂ ಸುಳೀಬಾರ್ದು. ಇವತ್ತು ಆಡ್ಲಿಲ್ವೋ, ಲೀಗಿಂದ್ಲೇ ಔಟ್. ಪರ್ಮನೆಂಟ್!"

ಹಳೇಬೀಡಿಗೆ ಹೋದೆ. ಬೀರೇಶ್ ಒಪ್ಪಲಿಲ್ಲ. ಗ್ರೌಂಡಿನಲ್ಲೇ ಮಾತಾಡಿ ಬಿಡಿಸೋಣವೆಂದು, ಒಪ್ಪದವನನ್ನೇ ಹತ್ತಿಸಿಕೊಂಡು ಹೊರಟೆ. ಜಾವಗಲ್ ದಾಟುತ್ತಿದ್ದಂತೆ ಜೀಪು ಬೆನ್ನು ಹತ್ತಿತು.

ಈಗ ಇಬ್ಬರೂ ಚರಂಡಿಯಲ್ಲಿ.

ಜೀಪಿನಿಂದ ಮರಿಯಣ್ಣ ಇಳಿದ. ಚಿದಂಬರ ಅವರ ಬಲಗೈ. ಎಂಟನೇ ಕ್ಲಾಸಿನಲ್ಲಿ ಎರಡು ವರ್ಷ ನನ್ನ ಮುಂದೆ ಡ್ರಿಲ್ ಮಾಡಿದವನು. ಕೈಯಲ್ಲಿ ಕಬ್ಬಿಣದ ರಾಡು.

ರಾಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೊದಲು ನನ್ನನ್ನು ಎಬ್ಬಿಸಿದ. ಕೆಸರಿನಲ್ಲಿ ತಡಕಾಡಿ ನನ್ನ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟ.

"ಏಟಾಯ್ತಾ ಮಿಸ್?"

"ಕೆಡವಿದವನು ನೀನೇ ಅಲ್ವೇನೋ!"

"ಡ್ಯೂಟಿ ಮಿಸ್." ಬೀರೇಶನತ್ತ ತಿರುಗಿದ. "ಏನ್ಲಾ, ಜೆರ್ಸಿ ಹಾಕ್ಕತೀಯೋ, ಮಂಡಿ ಮುರೀಲೋ?"

"ಮುರಿ."

"ನೋಡಿ ಮಿಸ್, ಅವ್ನೇ ಹೇಳ್ತವ್ನೆ!"

ರಾಡು ಮೇಲೆದ್ದಿತು. ನಾನು ನಡುವೆ ನಿಂತೆ.

"ಮೊದ್ಲು ಆ ಜೆರ್ಸಿ ತೋರ್ಸು."

ಜೀಪಿನಲ್ಲಿದ್ದ ಕವರಿನಿಂದ ತೆಗೆದುಕೊಟ್ಟ. ಬಿಡಿಸಿದೆ. ಎದೆಯ ತುಂಬ ಮೂರುಗರಿ ಗುಟ್ಕಾ. ಮುಚ್ಚಲು ಪ್ಲಾಸ್ಟರ್ ಸಾಲದು, ಬೆಡ್‌ಶೀಟೇ ಬೇಕು. ತಿರುಗಿಸಿದೆ. ಬೆನ್ನ ಮೇಲೆ ಬೀರೇಶನ ನಂಬರು, ಏಳು. ಮತ್ತೆ ಮುಂಭಾಗ ನೋಡಿದೆ...

ಹೆಸರಿಗೆ ಜಾಗ ಮಾಡುವ ಆಸೆಯಲ್ಲಿ ಎದೆಯ ಮೇಲಿನ ನಂಬರನ್ನೇ ಕೈಬಿಟ್ಟಿದ್ದರು!

ಕಬಡ್ಡಿಯಲ್ಲಿ ಎದೆಗೂ ನಂಬರು ಬೇಕು, ಬೆನ್ನಿಗೂ ಬೇಕು. ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ರೂಲು.

"ಎಲ್ರಿಗೂ ಇದೇನಾ?"

"ಎರಡೂ ಟೀಮ್ಗೂ ಇದೇಯ ಮಿಸ್."

"ಹಂಗಾದ್ರೆ ನಡಿ. ನಿನ್ನ ಜೀಪಲ್ಲೇ ಹೋಗೋಣ."

"ಮಿಸ್... ನೀವೂನಾ?" ಬೀರೇಶನ ಮುಖ ನೋಡಲಾಗಲಿಲ್ಲ.

"ಹಾಕ್ಕೋಬೇಡ. ಕೈಲಿ ಹಿಡ್ಕೊ, ಸಾಕು. ನನ್ನ ನಂಬ್ತೀಯ ತಾನೆ?"

ಅವನು ಜೆರ್ಸಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ನಾಲ್ಕು ಗಂಟೆಗೆ ಅರಸೀಕೆರೆ ಗ್ರೌಂಡು ತಲುಪಿದೆವು. ಹಳೇಬೀಡಿನಿಂದ ಎರಡು ಲಾರಿ ಜನ ಬಂದಿದ್ದರು. ಬೀರೇಶನ ಕೈಯಲ್ಲಿ ಜೆರ್ಸಿ ಕಂಡದ್ದೇ ತಡ, ಗ್ಯಾಲರಿ ತಣ್ಣಗಾಯಿತು.

"ಮಾರ್ಕೊಂಬಿಟ್ಯೇನ್ಲಾ?" ಯಾರೋ ಕೂಗಿದರು. ಒಂದು ಪ್ಲಾಸ್ಟರ್ ಸುರುಳಿ ಬಂದು ಅವನ ಬೆನ್ನಿಗೆ ಬಿತ್ತು.

ನಾನು ನೇರ ರೆಫರಿಯ ಹತ್ತಿರ ಹೋದೆ. ನಂಜುಂಡಯ್ಯ... ಉಗುರು ಕತ್ತರಿಸಿಲ್ಲವೆಂದು ಸ್ವಂತ ಅಳಿಯನನ್ನೇ ಆಟದಿಂದ ಹೊರಗೆ ಕಳಿಸಿದವರು!

"ನಂಜುಂಡಯ್ಯನೋರೇ, ಡ್ರೆಸ್ ಚೆಕ್ ಮಾಡಿದ್ರಾ?"

ನಾನು ಕೇಳಿದ್ದು ಅಷ್ಟೇ.

ಒಬ್ಬೊಬ್ಬನ ಎದೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಈ ಜೆರ್ಸಿ ನಡಿಯಲ್ಲ."

ಚಿದಂಬರ ಕುರ್ಚಿಯಿಂದ ಎದ್ದು ಬಂದರು. "ರೀ! ಲೀಗ್ ನಂದು!"

"ವಿಷಲ್ ನಂದು ಸ್ವಾಮಿ."

"ಮತ್ತೆ ಏನ್ ಹಾಕ್ಕೊಂಡು ಆಡ್ತಾರೆ?"

"ಬನೀನು," ಎಂದೆ. "ನಿಮ್ಮ ಲೀಗ್ ಬರೋಕ್ಮುಂಚೆ ಹಂಗೇ ಆಡ್ತಿದ್ರು. ಇದ್ದಿಲಲ್ಲಿ ನಂಬರ್ ಬರ್ಕೊಂಡು."

ಟೀ ಅಂಗಡಿಯ ಶಿವಗಂಗಮ್ಮ ಒಲೆಯಿಂದ ಇದ್ದಿಲು ತೆಗೆದು, ನೀರು ಚಿಮುಕಿಸಿ ಆರಿಸಿ, ಪೇಪರಿನಲ್ಲಿ ಸುತ್ತಿ ತಂದರು. ಯಾರೂ ಕೇಳಿರಲಿಲ್ಲ.

ಬೀರೇಶನ ಬನೀನು ಚರಂಡಿಯಲ್ಲಿ ಕಪ್ಪಾಗಿತ್ತು. ಇದ್ದಿಲು ಕಾಣುವಂತಿರಲಿಲ್ಲ. ನಾನು ಸುತ್ತ ನೋಡುವಷ್ಟರಲ್ಲಿ ಮರಿಯಣ್ಣ ಶರ್ಟು ಬಿಚ್ಚುತ್ತಿದ್ದ.

"ಏನ್ಲಾ ಮಾಡ್ತಿದೀಯ?" ಚಿದಂಬರ ಗುಡುಗಿದರು.

"ಸೆಕೆ ಅಣ್ಣ."

ಬೀರೇಶನಿಗೆಂದು ಅವನು ಬಿಚ್ಚಿಕೊಟ್ಟ ಬನೀನಿನ ಮೇಲೆ ನಾನೇ ಏಳು ಬರೆದೆ. ಹಿಂದೆ ಒಂದು, ಮುಂದೆ ಒಂದು.

ಹಳೇಬೀಡು ಒಂದು ಪಾಯಿಂಟಿನಲ್ಲಿ ಸೋತಿತು. ಆದರೂ ಲಾರಿಯ ಜನ ಬೀರೇಶನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಅರ್ಧ ಗಂಟೆಯಲ್ಲಿ ಚಿದಂಬರ ಬ್ಯಾನರು ಬಿಚ್ಚಿಸಿದರು. ಲೀಗ್ ಅಲ್ಲಿಗೆ ಮುಗಿಯಿತು. ಆರು ಟೀಮು. ಎಪ್ಪತ್ತು ಹುಡುಗರು.

ಗೆದ್ದ ಬೇಲೂರು ಟೀಮಿನ ದೇವೇಂದ್ರ ಕಪ್ ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತ.

"ನಾವೇನ್ ತಪ್ಪು ಮಾಡಿದ್ವಿ ಮಿಸ್?"

ನೀವಾದರೂ ಹೇಳಿ, ಏನು ಉತ್ತರ ಕೊಡಬೇಕಿತ್ತು? ಒಬ್ಬನ ಮಾತು ಉಳಿಸಲು ಎಪ್ಪತ್ತು ಜನರ ಆಟ ನಿಲ್ಲಿಸಿದವಳು ನಾನು.

ಗೇಟಿನ ಹತ್ತಿರ ಮರಿಯಣ್ಣ ಕಾಯುತ್ತಿದ್ದ. ನನ್ನ ಸ್ಕೂಟರನ್ನು ಯಾರದೋ ಟೆಂಪೋದಲ್ಲಿ ತರಿಸಿ, ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿಟ್ಟಿದ್ದ.

"ಕೆಲ್ಸ ಹೋಯ್ತು ಮಿಸ್."

"ನಂದೂ ಹೋಯ್ತು ಕಣೋ."

ಬರಿಮೈಯ ಮೇಲೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದ:

"ಆ ಬನೀನಾದ್ರೂ ವಾಪಸ್ ಕೊಡ್ಸಿ ಮಿಸ್. ನನ್ನತ್ರ ಇದ್ದಿದ್ದು ಅದೊಂದೇ ಬಿಳೀದು!"