ಒಂದೇ ಎಳೆತಕ್ಕೆ

ಬ್ಯಾಟರಿ ದೋಣಿಗೆ ಬಂದ ದಿನ ಸೋಮನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಗಂಗೊಳ್ಳಿಯಲ್ಲಿ ಅಣ್ಣ ಗುಡ್ಡನ ದೋಣಿಗಿದ್ದ ಹಳೆಯ ಸೀಮೆಎಣ್ಣೆ ಎಂಜಿನ್ ಎಷ್ಟೇ ಹಟ ಹಿಡಿಯಲಿ, ಸೋಮ ಹಗ್ಗ ಸುತ್ತಿ ಒಮ್ಮೆ ಎಳೆದರೆ ಎದ್ದು ಗುಡುಗುತ್ತಿತ್ತು. ಬೇರೆ ದೋಣಿಯವರೂ "ಹ್ವಾಯ್ ಸೋಮಣ್ಣ, ಒಂದ್ಸಲ ಬನ್ನಿ" ಎಂದು ಕರೆಯುತ್ತಿದ್ದರು. ಊರಲ್ಲಿ ಅವನಿಗಿದ್ದ ಹೆಸರು ಅದೊಂದೇ.

ಅದರ ಬದಲು ಬಂದ ಹೊಸ ಪೆಟ್ರೋಲ್ ಎಂಜಿನ್ನಿಗೆ ಗುಂಡಿ ಒತ್ತಿದರೆ ಸಾಕು. ಗುಂಡಿಯ ಹಿಂದಿನ ಬಲವೆಲ್ಲ ಒಂದು ಲಿಥಿಯಂ ಬ್ಯಾಟರಿಯದು; ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಅದನ್ನು ತಂದವನು ಅತ್ತಿಗೆಯ ತಮ್ಮ ರಾಜೇಂದ್ರ, ಮುಂಬೈಯಲ್ಲಿ ಬೋಟು ರಿಪೇರಿ ಮಾಡಿಕೊಂಡಿದ್ದು ಊರಿಗೆ ಮರಳಿದವನು. ಹೆಚ್ಚು ಚಾರ್ಜಾದರೆ ತಾನಾಗಿಯೇ ಕರೆಂಟು ಕಡಿದುಕೊಳ್ಳುವಂಥದ್ದು, ಎಂಜಿನ್ ಎಬ್ಬಿಸಲೆಂದೇ ಮಾಡಿದ್ದು ಬೇಕೆಂದು ಕುಂದಾಪುರದ ಅಂಗಡಿಯವನ ಜೀವ ತಿಂದು ತಂದಿದ್ದ. ಅದಕ್ಕೆ ಅದರದೇ ಚಾರ್ಜರ್, ಉಪ್ಪುನೀರು ತಾಗದ ಪೆಟ್ಟಿಗೆ, ಅಲುಗದಂತೆ ಬಿಗಿಯಲು ಪಟ್ಟಿ. ಎಂಜಿನ್ನಿನ ಪಕ್ಕದಲ್ಲಿ ಸೋಮ ಕೂರುತ್ತಿದ್ದ ಜಾಗವೂ ಈಗ ರಾಜೇಂದ್ರನಿಗೇ ಹೋಯಿತು.

"ಇನ್ ನಿನ್ ಹೆಗ್ಲಿಗೆ ಸುಖ ಕಾಣ್," ಎಂದ ಗುಡ್ಡ. "ಮಲಗ್ದಲ್ಲೇ ನೋವಂದ್ ನರಳ್ತ್ಯಂಬ್ರ್. ಸುಗುಣ ಹೇಳ್ತ್."

ಹೆಂಡತಿ ಸುಗುಣ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಸೋಮನಿಗೆ ಕೇಳಿಸಿದ್ದು ಬೇರೆ: ನೀನಿನ್ನು ಬೇಡ.

ಯೋಜನೆ ಬೆಳೆದದ್ದು ಅಲ್ಲಿಂದ. ಯಾರಿಗೂ ನೋವಾಗಬಾರದು, ಅದನ್ನು ಅವನು ಮೊದಲೇ ತನಗೆ ಹೇಳಿಕೊಂಡ, ಆಮೇಲೂ ಹೇಳಿಕೊಳ್ಳುತ್ತಲೇ ಇದ್ದ. ತಂತಿ ಸಡಿಲ ಮಾಡಿದರೆ ಕಿಡಿ ಹಾರೀತು, ಪಕ್ಕದಲ್ಲೇ ಪೆಟ್ರೋಲ್ ಇದೆ. ಆದ್ದರಿಂದ ಸಡಿಲ ಮಾಡುವುದೇ ಬೇಡ. ಬ್ಯಾಟರಿಗೆ ಬಿಗಿಯುವ ತಂತಿಯ ತುದಿಯಲ್ಲಿ ಒಂದು ಬಳೆ ಇರುತ್ತದೆ. ಅದಕ್ಕೆ ಒಳಗೂ ಹೊರಗೂ ಹಾಲಿನ ಕವರಿನ ಚೂರು ಸುತ್ತಿ ಮತ್ತೆ ಬಿಗಿದು, ಮೇಲೆ ಕಪ್ಪು ರಬ್ಬರ್ ಟೊಪ್ಪಿ ಕೂರಿಸಿದರೆ ಮುಗಿಯಿತು. ಅಲುಗಿಸಿದರೆ ಗಟ್ಟಿ, ಕರೆಂಟು ಮಾತ್ರ ದಾಟದು. ಗುಂಡಿ ಸತ್ತಂತಿರುತ್ತದೆ. ಹೊಸ ಎಂಜಿನ್ನಿಗೂ ಎಳೆಯುವ ಹಗ್ಗವಿತ್ತು. ಬೇರೆ ದೋಣಿಯವರ ಕಣ್ಣೆದುರೇ ಸೋಮ ಒಮ್ಮೆ ಎಳೆದು ಎಬ್ಬಿಸುತ್ತಾನೆ. ದಡಕ್ಕೆ ಬಂದಮೇಲೆ ಪ್ಲಾಸ್ಟಿಕ್ ತೆಗೆದರೆ ಸಾಕ್ಷಿಯೂ ಇಲ್ಲ. ಲಿಥಿಯಂ ನಂಬುವ ಹಾಗಿಲ್ಲ ಎಂದು ಊರೇ ಹೇಳುತ್ತದೆ.

ಒಂದು ಬೆಳಿಗ್ಗೆ, ನದಿ ಕಡಲು ಸೇರುವ ಅಳಿವೆಯ ಹೊರಗೆ ಬಲೆಗೆ ಬಂಗುಡೆ ಮೀನು ಬಿದ್ದಿತ್ತು. ಸುತ್ತಲೂ ದೋಣಿಗಳು. ಎಂಜಿನ್ ನಿಲ್ಲಿಸಿ ಬಲೆ ಎಳೆಯುವಾಗ ಸೋಮ ಹೆಗಲು ಹಿಡಿದುಕೊಂಡ.

"ನೀ ಹಿಂದ್ ಕೂಕೋ, ನಾವ್ ಎಳಿತ್," ಎಂದ ಗುಡ್ಡ. ತನ್ನ ಬುತ್ತಿಯಲ್ಲಿದ್ದ ಕಡುಬನ್ನು ಮುರಿದು ದೊಡ್ಡ ತುಂಡನ್ನೇ ಅವನ ಕೈಗಿಟ್ಟು ಬಲೆಯತ್ತ ಹೋದ. ಸೋಮ ಅದನ್ನು ತಿನ್ನದೆ ಹಲಗೆಯ ಮೇಲಿಟ್ಟು, ಬಲೆ ಎಳೆಯುತ್ತಿದ್ದ ಅಣ್ಣನ, ರಾಜೇಂದ್ರನ ಬೆನ್ನು ನೋಡುತ್ತ, ಪೆಟ್ಟಿಗೆಯ ಮುಚ್ಚಳ ತೆರೆದ. ಮನೆಯಲ್ಲಿ ಅಭ್ಯಾಸ ಮಾಡಿದ್ದ ಬೆರಳುಗಳು ತಪ್ಪಲಿಲ್ಲ.

ಬಲೆ ಮೇಲೆ ಬರುವಷ್ಟರಲ್ಲಿ ನೀರಿನ ಸೆಳೆತ ದೋಣಿಯನ್ನು ಅಳಿವೆಯ ಕಲ್ಲಿನ ತಡೆಗೋಡೆಯತ್ತ ತಂದಿತ್ತು. ರಾಜೇಂದ್ರ ಗುಂಡಿ ಒತ್ತಿದ. ಸದ್ದಿಲ್ಲ. ಪೆಟ್ಟಿಗೆ ತೆರೆದು ತಂತಿ ಅಲುಗಿಸಿದ.

"ಟೈಟ್ ಇತ್ತಲೆ! ಎಂತ ಆಯ್ತ್ ಇದ್ಕೆ?"

ಗುಡ್ಡ ಹುಟ್ಟು ಹಾಕತೊಡಗಿದ. ಬಲೆ, ಮೀನು ತುಂಬಿದ ದೋಣಿ ಅವನ ಮಾತು ಕೇಳಲಿಲ್ಲ. ಹತ್ತಿರದ ದೋಣಿಗಳ ಬಲೆಗಳೆಲ್ಲ ನೀರಲ್ಲಿದ್ದವು, ಯಾರೂ ಬರುವಂತಿರಲಿಲ್ಲ. ಕಲ್ಲುಗಳ ಮೇಲೆ ಅಲೆ ಒಡೆದು ಹನಿ ಮುಖಕ್ಕೆ ಹಾರುತ್ತಿತ್ತು. ಸೋಮ ಎದ್ದ. ದೋಣಿ ಕಲ್ಲಿಗೆ ಇಷ್ಟು ಹತ್ತಿರ ಬರುತ್ತದೆಂದು ಅವನು ಎಣಿಸಿರಲಿಲ್ಲ, ಆದರೂ ಭಯವಾಗಲಿಲ್ಲ. "ಸರಿ ಆಚಿಗೆ," ಎಂದು ರಾಜೇಂದ್ರನನ್ನು ತಳ್ಳಿ ಹಗ್ಗ ಹಿಡಿದು, ಮೈಯೆಲ್ಲ ಕೈಗೆ ತಂದು ಎಳೆದ. ಎಂಜಿನ್ ತಿರುಗಿತು, ನಿಂತಿತು. ಮತ್ತೆ ಎಳೆದ. ಮತ್ತೂ. ಒಂದು ಕೆಮ್ಮು ಸಹ ಬರಲಿಲ್ಲ.

"ಎಳ್ದ್ರೆ ಬಪ್ದಲ್ಲ ಮಾರಾಯಾ!" ರಾಜೇಂದ್ರ ಕಿರುಚಿದ. "ಹಳೇ ಎಂಜಿನ್ ಅಲ್ಲ ಇದ್! ಪೆಟ್ರೋಲ್ ಬಪ್ಕೂ, ಕಿಡಿ ಹಾರೂಕೂ ಬ್ಯಾಟ್ರಿಯೇ ಬೇಕ್!" ಸೀಮೆಎಣ್ಣೆಯ ಎಂಜಿನ್ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು; ಹೊಸದರ ಹಗ್ಗ ಬ್ಯಾಟರಿ ಬಲಗುಂದಿದಾಗ ತಿರುಗಿಸಲಷ್ಟೇ. ಹೊಸದೂ ಹಳೆಯದರ ಹಾಗೆಯೇ ಎಂದು ಸೋಮ ಅಂದುಕೊಂಡಿದ್ದ, ಯಾರನ್ನೂ ಕೇಳಿರಲಿಲ್ಲ. ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿತು. ಹುಟ್ಟು ಹಿಡಿದ ಅಣ್ಣನ ಕಣ್ಣು ಕಲ್ಲುಗಳ ಮೇಲಿತ್ತು. ಸೋಮ ಹಗ್ಗ ಬಿಟ್ಟು ಮೊಣಕಾಲೂರಿದ. ರಾಜೇಂದ್ರ ಆಗಲೇ ನೋಡಿ ಸರಿಯಿದೆ ಎಂದಿದ್ದ ತಂತಿಗೇ ಕೈ ಹಾಕಿ, ಟೊಪ್ಪಿ ಕಿತ್ತು, ಬಿಚ್ಚಿ, ಪ್ಲಾಸ್ಟಿಕ್ ಎಳೆದು ಮತ್ತೆ ಬಿಗಿದ. ಗುಂಡಿ ಒತ್ತಿದೊಡನೆ ಎಂಜಿನ್ ಎದ್ದಿತು. ರಾಜೇಂದ್ರ ದೋಣಿಯನ್ನು ಹೊರಕ್ಕೆ ತಿರುಗಿಸಿದ. ಕಲ್ಲುಗಳು ಹಿಂದಾದ ಮೇಲೆ ಗುಡ್ಡ ಹುಟ್ಟು ಕೆಳಗಿಟ್ಟು ತಮ್ಮನ ಮುಷ್ಟಿಯಲ್ಲಿದ್ದ ಹಾಲಿನ ಕವರಿನ ಚೂರು ನೋಡಿದ. "ಅಲ್ಲೇ ಇತ್ತಂದ್ ನಿಂಗ್ ಹ್ಯಾಂಗ್ ಗೊತ್ತಾಯ್ತ್?" ಎಂದು ಮೆಲ್ಲಗೆ ಕೇಳಿದ. ಸೋಮ ಮುಷ್ಟಿ ಬಿಚ್ಚಿದ. "ನಾನೇ ಸುತ್ತದ್ದ್, ಅಣ್ಣ."